ರಕ್ತ ಕಡಿಮೆಯಾದದ್ದು ಮೂತ್ರಪಿಂಡಕ್ಕೆ ಹೇಗೆ ತಿಳಿಯುತ್ತದೆ?

ಡಯಾಲಿಸಿಸ್ ಯಂತ್ರ ಏನು ಮಾಡುತ್ತದೆ ಎಂಬುದು ಅದರ ಪಕ್ಕದ ಹಾಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಕಳೆಯುವವರಿಗೆ ಚೆನ್ನಾಗಿ ಗೊತ್ತು. ಮೈಯಲ್ಲಿ ಕೂಡಿಕೊಂಡ ಯೂರಿಯಾ, ಕ್ರಿಯಾಟಿನಿನ್, ಮಿಗಿಲಾದ ಪೊಟ್ಯಾಸಿಯಂ, ಹೊರಹೋಗದೆ ಉಳಿದ ನೀರು, ಎಲ್ಲವನ್ನೂ ಅದು ಸೋಸಿ ತೆಗೆಯುತ್ತದೆ. ಆದರೂ ಇವರಲ್ಲಿ ಹೆಚ್ಚಿನವರಿಗೆ ಬೇರೊಂದು ಇಂಜೆಕ್ಷನ್ ಬೇಕಾಗುತ್ತದೆ. ಅದಿಲ್ಲದಿದ್ದರೆ ಹಿಮೋಗ್ಲೋಬಿನ್ ಎಂಟು, ಏಳು ಎಂದು ಇಳಿಯುತ್ತಾ ಹೋಗುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕೂತಲ್ಲೇ ತೂಕಡಿಕೆ, ಊಟದ ತಟ್ಟೆ ಕಂಡರೂ ಬೇಸರ.

ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಟ್ಟಿರುವುದು ಮೂತ್ರಪಿಂಡ. ಒಂದರ ರೋಗಕ್ಕೆ ಇನ್ನೊಂದು ಏಕೆ ಸೊರಗಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದವರು ನೂರು ವರ್ಷಕ್ಕೂ ಮಿಕ್ಕಿ ದುಡಿದಿದ್ದಾರೆ. ಅವರು ಕಂಡುಕೊಂಡದ್ದು ಒಂದು ಹಾರ್ಮೋನು, ಆ ಹಾರ್ಮೋನಿನ ಜೀನ್, ಮತ್ತು ಆ ಜೀನನ್ನು ಹೊತ್ತಿಸಿ ಆರಿಸುವ ಒಂದು ಸೂಕ್ಷ್ಮ ವ್ಯವಸ್ಥೆ. ಮೂತ್ರಪಿಂಡವೆಂದರೆ ಸೋಸುವ ಅಂಗ ಎಂದಷ್ಟೇ ಶಾಲೆಯಲ್ಲಿ ಕಲಿತವರು ಈ ಕತೆಯನ್ನು ತಿಳಿಯಲೇಬೇಕು. ಅದರ ಕೆಲಸದಲ್ಲಿ ಸೋಸುವುದು ಒಂದು ಪಾಲು ಮಾತ್ರ. ರಕ್ತ ಎಷ್ಟು ಆಮ್ಲಜನಕವನ್ನು ಹೊತ್ತು ತರುತ್ತಿದೆ ಎಂದು ಗಳಿಗೆ ಗಳಿಗೆಗೂ ಅಳೆಯುವ ಅಂಗವೂ ಅದೇ.

1890ರಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಜಿಲ್ಬೆರ್ ವಿಯೋ ಎಂಬ ವೈದ್ಯ ಒಂದು ಸೋಜಿಗವನ್ನು ವರದಿ ಮಾಡಿದರು. ಪೆರು ದೇಶದ ಮೊರೊಕೊಚಾ ಎಂಬ ಗಣಿ ಊರು ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಗೆ ಹೋದ ವಿಯೋ ತಮ್ಮದೇ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಿದರು. ಒಂದು ಘನ ಮಿಲಿಮೀಟರಿನಲ್ಲಿ 50 ಲಕ್ಷದಷ್ಟಿದ್ದ ಕೆಂಪುಕಣಗಳು ಕೆಲವೇ ವಾರಗಳಲ್ಲಿ 70 ಲಕ್ಷವನ್ನು ದಾಟಿದ್ದವು. ಗಾಳಿ ತೆಳುವಾದದ್ದನ್ನು ಯಾರೋ ಮಜ್ಜೆಗೆ ಹೇಳಿದ್ದಾರೆ ಎಂದಾಯಿತು.

ಹೇಳಿದ್ದು ಯಾರು? 1906ರಲ್ಲಿ ಪ್ಯಾರಿಸ್ಸಿನ ಪಾಲ್ ಕಾರ್ನೋ ಮತ್ತು ಕ್ಲೋಟಿಲ್ಡ್ ದೆಫ್ಲಾಂದ್ರ್ ಮೊಲಗಳಿಂದ ರಕ್ತ ತೆಗೆದು, ರಕ್ತ ಕಳೆದುಕೊಂಡ ಮೊಲದ ಸೀರಮ್ಮನ್ನು ಆರೋಗ್ಯವಂತ ಮೊಲಕ್ಕೆ ಚುಚ್ಚಿದರು. ಆ ಮೊಲದಲ್ಲಿ ಕೆಂಪುಕಣ ಹೆಚ್ಚಿತು. ರಕ್ತದಲ್ಲೇ ಒಂದು ಸಂದೇಶ ಹರಿಯುತ್ತಿದೆ ಎಂದು ಅವರು ಬರೆದರು. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಮಾತ್ರ ಫಲಿತಾಂಶ ಸರಿಯಾಗಿ ಬರಲಿಲ್ಲ. ಹಲವರು ಆ ಮಾತನ್ನೇ ಕೈಬಿಟ್ಟರು. 1950ರಲ್ಲಿ ಕರ್ಟ್ ರೈಸ್‌ಮನ್ ಎರಡು ಇಲಿಗಳನ್ನು ರಕ್ತ ಹಂಚಿಕೊಳ್ಳುವಂತೆ ಜೋಡಿಸಿ, ಒಂದಕ್ಕೆ ಮಾತ್ರ ಆಮ್ಲಜನಕ ಕಡಿಮೆಯಿರುವ ಗಾಳಿ ಕೊಟ್ಟರು. ಮಜ್ಜೆ ಚುರುಕಾದದ್ದು ಎರಡರಲ್ಲೂ. 1953ರಲ್ಲಿ ಆಲನ್ ಎರ್ಸ್‌ಲೆವ್ ಮೊಲಗಳಲ್ಲಿ ಅದನ್ನು ಮತ್ತೊಮ್ಮೆ ಖಚಿತಪಡಿಸಿದರು. ಅಷ್ಟರಲ್ಲಾಗಲೇ ಫಿನ್ಲೆಂಡಿನ ಇಬ್ಬರು ವಿಜ್ಞಾನಿಗಳು ಈ ಕಾಣದ ವಸ್ತುವಿಗೆ ಎರಿತ್ರೋಪೊಯೆಟಿನ್ ಎಂದು ಹೆಸರಿಟ್ಟಿದ್ದರು. ಆಸ್ಪತ್ರೆಗಳಲ್ಲಿ ಇಂದು ಅದು ಇಪಿಒ.

ಅದು ಹುಟ್ಟುವ ಜಾಗ ತಿಳಿದದ್ದು 1957ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯದ ಲಿಯಾನ್ ಜೇಕಬ್‌ಸನ್, ಯೂಜೀನ್ ಗೋಲ್ಡ್‌ವಾಸರ್ ಮತ್ತು ಸಂಗಡಿಗರಿಂದ. ಇಲಿಗಳಲ್ಲಿ ಒಂದೊಂದೇ ಅಂಗವನ್ನು ತೆಗೆದು ನೋಡುವುದು ಅವರ ದಾರಿ. ಗುಲ್ಮ ತೆಗೆದರೂ ಹಾರ್ಮೋನು ಬಂತು, ಅಡ್ರಿನಲ್ ತೆಗೆದರೂ ಬಂತು. ಎರಡೂ ಮೂತ್ರಪಿಂಡಗಳನ್ನು ತೆಗೆದಾಗ ನಿಂತುಹೋಯಿತು. ಈ ಪ್ರಯೋಗಗಳಲ್ಲಿ ಅವರು ಬಳಸಿದ ಒಂದು ಉಪಾಯ ಕೋಬಾಲ್ಟ್ ಲವಣ. ಅದನ್ನು ಕೊಟ್ಟರೆ ಪ್ರಾಣಿಯ ಮೈ ಆಮ್ಲಜನಕ ಕಡಿಮೆಯಾಗಿದೆ ಎಂದು ಮೋಸಹೋಗಿ ಕೆಂಪುಕಣ ಹೆಚ್ಚಿಸುತ್ತಿತ್ತು. ಏಕೆ ಹಾಗಾಗುತ್ತದೆ ಎಂಬುದು ಆಗ ಯಾರಿಗೂ ತಿಳಿಯದು. ಕೋಬಾಲ್ಟಿನ ಆ ಒಗಟನ್ನು ಓದುಗರು ನೆನಪಿನಲ್ಲಿಡಬೇಕು.

ಮೂತ್ರಪಿಂಡವೇ ಏಕೆ? ಮಿದುಳು, ಹೃದಯ, ಸ್ನಾಯು ಇವೆಲ್ಲ ಆಮ್ಲಜನಕಕ್ಕಾಗಿ ಇನ್ನೂ ಹೆಚ್ಚು ಹಾತೊರೆಯುವ ಅಂಗಗಳು. ಆದರೆ ಅಳೆಯುವ ಕೆಲಸಕ್ಕೆ ಅವು ಒಗ್ಗುವುದಿಲ್ಲ. ಓಡುವಾಗ ಸ್ನಾಯುವಿನಲ್ಲಿ ಆಮ್ಲಜನಕ ಇಳಿಯುತ್ತದೆ, ನಿಂತಾಗ ಏರುತ್ತದೆ. ರಕ್ತ ಚೆನ್ನಾಗಿದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯದು. ಮೂತ್ರಪಿಂಡದ ಲೆಕ್ಕವೇ ಬೇರೆ. ಒಂದೊಂದು ನೂರೈವತ್ತು ಗ್ರಾಂ ತೂಗುವ ಈ ಜೋಡಿ ಅಂಗಗಳಿಗೆ ಹೃದಯ ತಳ್ಳುವ ರಕ್ತದ ಸುಮಾರು ಐದನೇ ಒಂದು ಪಾಲು ಹೋಗುತ್ತದೆ. ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ಮರಳಿ ಒಳಗೆ ಎಳೆದುಕೊಳ್ಳುತ್ತದೆ. ಅದು ಬಳಸುವ ಆಮ್ಲಜನಕದ ಬಹುಭಾಗ ಖರ್ಚಾಗುವುದು ಸೋಸಿಹೋದ ಸೋಡಿಯಂ ಅನ್ನು ಹಿಂದಕ್ಕೆಳೆಯುವುದಕ್ಕೆ. ರಕ್ತದ ಹರಿವು ಕಡಿಮೆಯಾದರೆ ಸೋಸುವುದೂ ಕಡಿಮೆ, ಸೋಡಿಯಂ ಎಳೆಯುವ ದುಡಿಮೆಯೂ ಕಡಿಮೆ, ಆಮ್ಲಜನಕದ ಖರ್ಚೂ ಕಡಿಮೆ. ಆವಕ ಜಾವಕ ಹೀಗೆ ಜೊತೆಜೊತೆಯಲ್ಲೇ ಏರಿಳಿಯುವುದರಿಂದ ಅಲ್ಲಿನ ಆಮ್ಲಜನಕದ ಮಟ್ಟ ಹರಿವಿನ ಸಣ್ಣಪುಟ್ಟ ಬದಲಾವಣೆಗೆ ಅಲುಗದು. ರಕ್ತವೇ ತೆಳುವಾದರೆ ಅಥವಾ ಉಸಿರಾಡುವ ಗಾಳಿಯೇ ತೆಳುವಾದರೆ ಮಾತ್ರ ಅದು ಕುಸಿಯುತ್ತದೆ. ಅಳೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಮೈಯಲ್ಲಿ ಬೇರೆಲ್ಲೂ ಇಲ್ಲ.

ಹಾರ್ಮೋನು ಇದೆ ಎಂದು ತಿಳಿದರೆ ಸಾಲದು, ಅದನ್ನು ಕೈಗೆ ಹಿಡಿಯಬೇಕು. ಗೋಲ್ಡ್‌ವಾಸರ್ ಇದಕ್ಕೆ ಕೈಹಾಕಿದ್ದು 1955ರಲ್ಲಿ. ಕೆಲವು ತಿಂಗಳ ಕೆಲಸ ಎಂದುಕೊಂಡಿದ್ದು ಎರಡು ದಶಕ ತೆಗೆದುಕೊಂಡಿತು. ಕುರಿಗಳಲ್ಲಿ ರಕ್ತಹೀನತೆ ಬರಿಸಿ, ಅವುಗಳ ರಕ್ತವನ್ನು ಲೀಟರುಗಟ್ಟಲೆ ಸಂಗ್ರಹಿಸಿ, ಶುದ್ಧೀಕರಿಸುತ್ತ ಹೋದರು. ಸಿಕ್ಕಿದ್ದು ಅತ್ಯಲ್ಪ. ದಾರಿ ತೆರೆದದ್ದು ಜಪಾನಿನ ಕುಮಾಮೊಟೊದಿಂದ. ಅಲ್ಲಿನ ತಕಾಜಿ ಮಿಯಾಕೆ ಎಂಬ ವಿಜ್ಞಾನಿ ಮಜ್ಜೆ ಬತ್ತಿದ ರೋಗಿಗಳ ಮೂತ್ರವನ್ನು ಸಂಗ್ರಹಿಸುತ್ತಿದ್ದರು. ಮಜ್ಜೆ ಸ್ಪಂದಿಸದಿದ್ದಾಗ ಮೂತ್ರಪಿಂಡ ಮತ್ತೆ ಮತ್ತೆ ಹಾರ್ಮೋನನ್ನು ಕಳಿಸುತ್ತಲೇ ಇರುತ್ತದೆ. ಅದರಲ್ಲಿ ಒಂದಿಷ್ಟು ಮೂತ್ರಕ್ಕೆ ಬರುತ್ತದೆ. ಮಿಯಾಕೆ ಕೂಡಿಹಾಕಿದ್ದು 2,550 ಲೀಟರ್. ಅದನ್ನು ಒಣಗಿಸಿ, ಬಟ್ಟೆಯಲ್ಲಿ ಗಂಟುಕಟ್ಟಿಕೊಂಡು 1975ರಲ್ಲಿ ಅವರೇ ಷಿಕಾಗೋಗೆ ತಂದರು. ಅಷ್ಟರಿಂದ ಕೊನೆಗೆ ಸಿಕ್ಕ ಶುದ್ಧ ಇಪಿಒ ಸುಮಾರು 8 ಮಿಲಿಗ್ರಾಂ. ಪ್ರಬಂಧ 1977ರಲ್ಲಿ ಪ್ರಕಟವಾಯಿತು. ತಮ್ಮ ನೋವಿನ ನಡುವೆ ಆ ಮೂತ್ರವನ್ನು ಕೊಟ್ಟ ಜಪಾನಿನ ರೋಗಿಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇಂದು ಲೋಕದ ಲಕ್ಷಾಂತರ ಡಯಾಲಿಸಿಸ್ ರೋಗಿಗಳ ಚಿಕಿತ್ಸೆ ಅವರ ಋಣದಲ್ಲಿದೆ.

ಮುಂದಿನ ಹೆಜ್ಜೆ ಬಿರುಸಾಗಿ ಬಿತ್ತು. ಆ ಶುದ್ಧ ಪ್ರೋಟೀನಿನ ಚೂರುಗಳಲ್ಲಿ ಅಮೈನೋ ಆಮ್ಲಗಳ ಸಾಲನ್ನು ಓದಿ, ಅದಕ್ಕೆ ಹೊಂದಬಲ್ಲ ಡಿಎನ್‌ಎ ತುಣುಕುಗಳನ್ನು ತಯಾರಿಸಿ, ಮನುಷ್ಯರ ಜೀನ್‌ಗಳ ರಾಶಿಯಿಂದ ಇಪಿಒ ಜೀನನ್ನು ಹೆಕ್ಕಿ ತೆಗೆದವರು ಕ್ಯಾಲಿಫೋರ್ನಿಯಾದ ಆಮ್‌ಜೆನ್ ಕಂಪನಿಯ ಫು ಕುಯೆನ್ ಲಿನ್. ಅದು 1983. ಜೀನನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಿಗೆ ಸೇರಿಸಿ ಹಾರ್ಮೋನನ್ನು ಬೆಳೆಸಲಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಜೋಸೆಫ್ ಎಶ್‌ಬ್ಯಾಕ್ ಮತ್ತು ಸಂಗಡಿಗರು ಡಯಾಲಿಸಿಸ್ ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 1987ರಲ್ಲಿ ಹೊರಬಂತು. 1989ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಮುಂಚೆ ಈ ರೋಗಿಗಳಿಗಿದ್ದ ಮುಖ್ಯ ಆಸರೆ ಪದೇ ಪದೇ ರಕ್ತ ಏರಿಸಿಕೊಳ್ಳುವುದು. ಅದರ ಜೊತೆಗೇ ಹೆಪಟೈಟಿಸ್, ಅಂಗಾಂಗಗಳಲ್ಲಿ ಕಬ್ಬಿಣದ ಶೇಖರಣೆ, ಮತ್ತು ಮುಂದೆ ಕಿಡ್ನಿ ಕಸಿಯನ್ನೇ ಕಷ್ಟವಾಗಿಸುವ ಪ್ರತಿಕಾಯಗಳು ಬರುತ್ತಿದ್ದವು. ಒಂದು ಇಂಜೆಕ್ಷನ್ ಆ ಸಂಕಟದ ದೊಡ್ಡ ಪಾಲನ್ನು ಅಳಿಸಿತು. ಔಷಧಿಯ ವ್ಯಾಪಾರ ಶತಕೋಟಿ ಡಾಲರುಗಳಿಗೆ ಬೆಳೆದರೂ, ಸಾರ್ವಜನಿಕ ಹಣದಲ್ಲಿ ದುಡಿದ ಗೋಲ್ಡ್‌ವಾಸರ್ ಅವರ ಶುದ್ಧೀಕರಣಕ್ಕೆ ಪೇಟೆಂಟ್ ಇರಲಿಲ್ಲ. ಇದು ನ್ಯಾಯವಲ್ಲ ಎಂದು ಇಂದಿಗೂ ಹೇಳಬೇಕಾದ ಮಾತು.

ಔಷಧಿ ಸಿಕ್ಕಿತು, ಆದರೆ ಮೊದಲ ಪ್ರಶ್ನೆ ಹಾಗೇ ಉಳಿದಿತ್ತು. ಆಮ್ಲಜನಕ ಇಳಿದದ್ದು ಆ ಕೋಶಕ್ಕೆ ತಿಳಿಯುವುದು ಹೇಗೆ?

ಇಪಿಒ ಜೀನ್ ನಮ್ಮ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಅದು ಮಾತಾಡುವುದು ಮುಖ್ಯವಾಗಿ ಮೂತ್ರಪಿಂಡದ ನಳಿಕೆಗಳ ನಡುವೆ ಅಡಗಿರುವ ಕೆಲವೇ ಕೋಶಗಳಲ್ಲಿ, ಅದೂ ಅಗತ್ಯ ಬಿದ್ದಾಗ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಗ್ರೆಗ್ ಸೆಮೆಂಜಾ ಮನುಷ್ಯರ ಈ ಜೀನನ್ನು ಇಲಿಗಳಲ್ಲಿ ಸೇರಿಸಿ, ಜೀನಿನ ಅಕ್ಕಪಕ್ಕದ ಡಿಎನ್‌ಎಯನ್ನು ಹೆಚ್ಚುಕಡಿಮೆ ಮಾಡುತ್ತ ನೋಡಿದರು. ಜೀನ್ ಮುಗಿದ ಮೇಲೆ ಬರುವ ಒಂದು ಸಣ್ಣ ತುಣುಕು ಆಮ್ಲಜನಕಕ್ಕೆ ಓಗೊಡುತ್ತಿತ್ತು. ಆಮ್ಲಜನಕ ಇಳಿದಾಗ ಆ ತುಣುಕಿಗೆ ಬಂದು ಅಂಟುವ ಪ್ರೋಟೀನನ್ನು ಅವರು 1992ರಲ್ಲಿ ಗುರುತಿಸಿದರು, 1995ರಲ್ಲಿ ಅದರ ಜೀನನ್ನೂ ಹಿಡಿದರು. ಅದರ ಚಿಕ್ಕ ಹೆಸರು ಹಿಫ್. ಅದೇ ಕಾಲಕ್ಕೆ ಆಕ್ಸ್‌ಫರ್ಡ್‌ನಲ್ಲಿ ಪೀಟರ್ ರ್ಯಾಟ್‌ಕ್ಲಿಫ್ ಎಂಬ ಕಿಡ್ನಿ ವೈದ್ಯರೂ ಈ ತುಣುಕಿನ ಹಿಂದೆ ಬಿದ್ದಿದ್ದರು. 1992ರಲ್ಲಿ ‘ನೇಚರ್’ ಪತ್ರಿಕೆ ಅವರ ಪ್ರಬಂಧವನ್ನು ಹಿಂದಿರುಗಿಸಿತ್ತು. ಮರುವರ್ಷ ಅವರ ತಂಡ ತೋರಿಸಿದ್ದು ಇಡೀ ವಿಷಯದ ಗಾತ್ರವನ್ನೇ ಬದಲಿಸಿತು: ಇಪಿಒ ತಯಾರಿಸದ ಕೋಶಗಳಲ್ಲೂ, ಪ್ರಯತ್ನಿಸಿದಲ್ಲೆಲ್ಲ, ಈ ಸ್ವಿಚ್ಚು ಕೆಲಸ ಮಾಡುತ್ತಿತ್ತು. ಆಮ್ಲಜನಕವನ್ನು ಅಳೆಯುವುದು ಮೂತ್ರಪಿಂಡದ ಗುಟ್ಟು ಎಂದುಕೊಂಡಿದ್ದವರಿಗೆ ಅದು ಪ್ರತಿ ಕೋಶದ ಗುಣ ಎಂದು ಗೊತ್ತಾಯಿತು. ಹೊಸ ರಕ್ತನಾಳ ಬೆಳೆಯುವುದಕ್ಕೂ, ಆಮ್ಲಜನಕವಿಲ್ಲದೆ ಸಕ್ಕರೆ ಉರಿಸುವುದಕ್ಕೂ ಬೇಕಾದ ನೂರಾರು ಜೀನ್‌ಗಳನ್ನು ಹೊತ್ತಿಸುವುದು ಇದೇ ಹಿಫ್.

ಮೂರನೆಯ ಎಳೆ ಬಂದದ್ದು ಕ್ಯಾನ್ಸರ್ ಕಡೆಯಿಂದ. ಫಾನ್ ಹಿಪ್ಪೆಲ್ ಲಿಂಡಾವ್ ಎಂಬುದು ವಂಶಪಾರಂಪರ್ಯವಾಗಿ ಬರುವ ಅಪರೂಪದ ಕಾಯಿಲೆ. ಕಣ್ಣಿನ ಪಟಲ, ಹಿಂಮೆದುಳು, ಮೂತ್ರಪಿಂಡಗಳಲ್ಲಿ ರಕ್ತನಾಳಗಳು ತುಂಬಿತುಳುಕುವ ಗೆಡ್ಡೆಗಳು ಬೆಳೆಯುತ್ತವೆ. ಕೆಲವು ರೋಗಿಗಳಲ್ಲಿ ಕೆಂಪುಕಣವೂ ಮಿತಿಮೀರಿರುತ್ತದೆ. ಬಾಸ್ಟನ್ನಿನ ಡಾನಾ ಫಾರ್ಬರ್ ಸಂಸ್ಥೆಯ ವಿಲಿಯಂ ಕೇಲಿನ್ ಈ ಎರಡು ಲಕ್ಷಣಗಳನ್ನು ಒಟ್ಟಿಗಿಟ್ಟು ಯೋಚಿಸಿದರು: ರಕ್ತನಾಳ ಹೆಚ್ಚುವುದು, ರಕ್ತ ಹೆಚ್ಚುವುದು, ಎರಡೂ ಆಮ್ಲಜನಕ ಸಾಲದಿರುವ ಮೈಯ ವರ್ತನೆಯಲ್ಲವೇ? ಈ ಗೆಡ್ಡೆಯ ಕೋಶಗಳು ಆಮ್ಲಜನಕದಲ್ಲಿ ಮುಳುಗಿದ್ದರೂ ಉಸಿರುಕಟ್ಟಿದವರಂತೆ ನಡೆದುಕೊಳ್ಳುತ್ತಿವೆ. 1996ರಲ್ಲಿ ಅವರ ತಂಡ ಇದನ್ನು ತೋರಿಸಿತು. ಆ ಕಾಯಿಲೆಯಲ್ಲಿ ಕೆಟ್ಟಿರುವ ವಿಎಚ್‌ಎಲ್ ಪ್ರೋಟೀನ್ ಹಿಫ್‌ಗೆ ಅಂಟಿ ಅದನ್ನು ನಾಶಕ್ಕೆ ಕಳಿಸುತ್ತದೆ ಎಂದು 1999ರಲ್ಲಿ ರ್ಯಾಟ್‌ಕ್ಲಿಫ್ ತಂಡ ಕಂಡಿತು. 2001ರ ಏಪ್ರಿಲ್‌ನಲ್ಲಿ ಇಬ್ಬರ ತಂಡಗಳೂ ‘ಸೈನ್ಸ್’ ಪತ್ರಿಕೆಯಲ್ಲಿ ಒಟ್ಟಿಗೆ ಉತ್ತರ ಕೊಟ್ಟವು.

ಉತ್ತರ ಇದು. ಕೋಶ ಹಿಫ್ ಅನ್ನು ಸದಾ ತಯಾರಿಸುತ್ತಿರುತ್ತದೆ, ತಯಾರಾದದ್ದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತಿರುತ್ತದೆ. ಒಡೆಯುವ ಮೊದಲು ಅದಕ್ಕೊಂದು ಗುರುತು ಬೀಳಬೇಕು. ಆ ಗುರುತು ಒಂದು ಆಮ್ಲಜನಕದ ಪರಮಾಣು; ಅದನ್ನು ಹಿಫ್‌ನ ನಿರ್ದಿಷ್ಟ ಜಾಗಕ್ಕೆ ಅಂಟಿಸುವುದು ಪ್ರೋಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವಗಳು. ಗುರುತು ಬಿದ್ದ ಹಿಫ್ ಅನ್ನು ವಿಎಚ್‌ಎಲ್ ಹಿಡಿಯುತ್ತದೆ, ಅಲ್ಲಿಗೆ ಅದರ ಕತೆ ಮುಗಿಯುತ್ತದೆ. ಆಮ್ಲಜನಕ ಸಾಲದಾದಾಗ ಗುರುತು ಹಾಕಲು ಸಾಮಗ್ರಿಯೇ ಇರದು. ಹಿಫ್ ಬದುಕಿ ಉಳಿಯುತ್ತದೆ, ಕೋಶಕೇಂದ್ರಕ್ಕೆ ಹೋಗುತ್ತದೆ, ಇಪಿಒ ಜೀನನ್ನು ಹೊತ್ತಿಸುತ್ತದೆ. ತಯಾರಿಸಿ ಹಾಳುಮಾಡುವುದು ದಂಡದ ಖರ್ಚಿನಂತೆ ಕಾಣಬಹುದು. ನೆಂಟರು ಬಂದಾಗ ಹೊತ್ತಾಗಬಾರದೆಂದು ಒಲೆಯ ಮೇಲೆ ಸದಾ ಕಾಫಿಗೆ ನೀರಿಟ್ಟಿರುವ ಮನೆಯಂತೆ, ಕೋಶ ಸೌದೆಯ ಚಿಂತೆ ಬಿಟ್ಟು ವೇಗವನ್ನು ಆರಿಸಿಕೊಂಡಿದೆ. ಉಸಿರಿನ ವಿಷಯದಲ್ಲಿ ತಡ ಮಾಡುವಂತಿಲ್ಲ.

ಕೋಬಾಲ್ಟಿನ ಒಗಟೂ ಇಲ್ಲಿ ಬಿಡಿಸಿಕೊಂಡಿತು. ಗುರುತು ಹಾಕುವ ಪ್ರತಿ ಕಿಣ್ವದ ನಡುವೆ ಒಂದು ಕಬ್ಬಿಣದ ಪರಮಾಣು ಇರುತ್ತದೆ, ಅದಿಲ್ಲದೆ ಅವು ನಿಷ್ಕ್ರಿಯ. ಕೋಬಾಲ್ಟ್ ಈ ವ್ಯವಸ್ಥೆಯನ್ನು ಕೆಡಿಸುತ್ತದೆ. ಆಮ್ಲಜನಕ ಬೇಕಾದಷ್ಟಿದ್ದರೂ ಹಿಫ್ ಉಳಿದುಬಿಡುತ್ತದೆ. ಹಿಂದೆ ಮೂತ್ರಪಿಂಡ ರೋಗಿಗಳಿಗೆ ಕೋಬಾಲ್ಟ್ ಲವಣವನ್ನೇ ಔಷಧಿಯಾಗಿ ಕೊಟ್ಟದ್ದೂ ಉಂಟು. ರಕ್ತ ಏರುತ್ತಿತ್ತು, ಥೈರಾಯ್ಡು ಹದಗೆಡುತ್ತಿತ್ತು.

ಸೆಮೆಂಜಾ, ರ್ಯಾಟ್‌ಕ್ಲಿಫ್, ಕೇಲಿನ್ ಮೂವರಿಗೂ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಹಂಚಿಹೋಯಿತು.

ಈ ಜೀನ್‌ಗಳ ಕೈಚಳಕ ಕರ್ನಾಟಕದಲ್ಲೇ ನಮ್ಮ ಪಕ್ಕದಲ್ಲಿ ಓಡಾಡುತ್ತಿದೆ. ಎತ್ತರದ ಪ್ರದೇಶಕ್ಕೆ ಹೋದ ಬಯಲುಸೀಮೆಯವರ ರಕ್ತ ಮಂದವಾಗುತ್ತದೆ. ತಲೆಮಾರುಗಳಿಂದ ಅಲ್ಲೇ ಬಾಳಿದ ಟಿಬೆಟ್ಟಿನವರ ಹಿಮೋಗ್ಲೋಬಿನ್ ಅಷ್ಟೊಂದು ಏರುವುದಿಲ್ಲ. ಹಿಫ್ ಬಳಗದ ಎರಡನೆಯ ಸದಸ್ಯ, ಅಂದರೆ ಮೂತ್ರಪಿಂಡದಲ್ಲಿ ಇಪಿಒ ಜೀನಿನ ಮುಖ್ಯ ಯಜಮಾನ, ಟಿಬೆಟ್ಟಿನ ಬಹುಪಾಲು ಜನರಲ್ಲಿ ಬೇರೆ ರೂಪದಲ್ಲಿದೆ ಎಂದು 2010ರಲ್ಲಿ ಗೊತ್ತಾಯಿತು. ಡೆನಿಸೋವನ್ ಎಂಬ ಅಳಿದುಹೋದ ಮಾನವ ಕುಲದಿಂದ ಆ ರೂಪ ಬಂದಿದೆ ಎಂದು 2014ರ ಅಧ್ಯಯನ ತೋರಿಸಿತು. ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿ ಮುಸುಕಿನ ಜೋಳ ಬೆಳೆಯುತ್ತಿರುವ ಟಿಬೆಟಿಯನ್ ಕುಟುಂಬಗಳು ಹೊತ್ತು ತಂದ ಬಳುವಳಿಯಲ್ಲಿ ಇದೂ ಒಂದು.

ಹಾರ್ಮೋನು ಕೈಗೆ ಸಿಕ್ಕಾಗ ಮನುಷ್ಯರು ಅತಿಗೂ ಹೋದರು. ಸೈಕಲ್ ಪಂದ್ಯಗಳಲ್ಲಿ ಇಪಿಒ ಕಳ್ಳದಾರಿಯಾಯಿತು. 1998ರ ಟೂರ್ ಡಿ ಫ್ರಾನ್ಸ್ ಅದರಿಂದಲೇ ಕಳಂಕಿತವಾಯಿತು. ಆಸ್ಪತ್ರೆಗಳಲ್ಲಿ ನಡೆದ ಅತಿ ಇದಕ್ಕಿಂತ ಗಂಭೀರ. ರೋಗಿಯ ಹಿಮೋಗ್ಲೋಬಿನ್ 13ಕ್ಕೂ ಮೇಲೆ, ಆರೋಗ್ಯವಂತರ ಮಟ್ಟಕ್ಕೇ ಏರಿಸಿದರೆ ಒಳ್ಳೆಯದು ಎಂಬ ನಂಬಿಕೆಯಿತ್ತು. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದರಿಂದ ಹೃದಯಕ್ಕೆ ಅಪಾಯ ಹೆಚ್ಚುತ್ತದೆ ಎಂದಿತು. 2009ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಮಧುಮೇಹಿ ಮೂತ್ರಪಿಂಡ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಡಯಾಲಿಸಿಸ್ ವೈದ್ಯರು ಈಗ ಹತ್ತು ಹನ್ನೊಂದರ ಆಸುಪಾಸಿನಲ್ಲೇ ನಿಲ್ಲಿಸುವುದು ಇದಕ್ಕಾಗಿ. ‘ಇನ್ನೂ ಸ್ವಲ್ಪ ಜಾಸ್ತಿ ಕೊಡಿ ಸಾರ್’ ಎಂದು ಮನೆಯವರು ಕೇಳಿದಾಗ ಅವರು ಒಪ್ಪದಿದ್ದರೆ ಅದು ಜಿಪುಣತನವಲ್ಲ. ಮೈಯಲ್ಲಿ ಕಬ್ಬಿಣದ ದಾಸ್ತಾನು ಸಾಕಷ್ಟಿರದಿದ್ದರೆ ಇಂಜೆಕ್ಷನ್ ಎಷ್ಟು ಕೊಟ್ಟರೂ ಫಲವಿಲ್ಲ ಎಂಬುದನ್ನೂ ಪ್ರತಿ ರೋಗಿಗೆ ತಿಳಿಹೇಳಬೇಕು.

ಗುರುತು ಹಾಕುವ ಕಿಣ್ವಗಳನ್ನು ಕೋಬಾಲ್ಟಿನಷ್ಟು ಒರಟಾಗಿ ಅಲ್ಲದೆ ಹದವಾಗಿ ತಡೆಯುವ ಮಾತ್ರೆಗಳು ಈಗ ಬಂದಿವೆ. ಚೀನಾದಲ್ಲಿ 2018ರ ಕೊನೆಗೆ ರಾಕ್ಸಾಡುಸ್ಟಾಟ್‌ಗೆ ಒಪ್ಪಿಗೆ ಸಿಕ್ಕಿತು. ಅಹಮದಾಬಾದಿನ ಜೈಡಸ್ ಕಂಪನಿ ರೂಪಿಸಿದ ಡೆಸಿಡುಸ್ಟಾಟ್ 2022ರಿಂದ ಭಾರತದಲ್ಲಿದೆ. ಫ್ರಿಜ್ಜು ಬೇಡ, ಸೂಜಿ ಬೇಡ. ಹಳ್ಳಿಯಲ್ಲಿರುವ ರೋಗಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಹಿಫ್ ನೂರಾರು ಜೀನ್‌ಗಳ ಯಜಮಾನ. ರಕ್ತ ಹೆಪ್ಪುಗಟ್ಟುವ ಅಪಾಯದ ಮೇಲೆ ಕಣ್ಣಿಡಬೇಕು, ವರ್ಷಗಟ್ಟಲೆ ನುಂಗಿದವರಲ್ಲಿ ಏನಾಗುತ್ತದೆ ಎಂಬ ಲೆಕ್ಕ ಇನ್ನೂ ಬರಬೇಕು. ಇದೇ ಸ್ವಿಚ್ಚನ್ನು ತಿರುಗಾಮುರುಗಾ ಮಾಡಿದ ಔಷಧಿಯೂ ಇದೆ. ಹಿಫ್‌ನ ಎರಡನೆಯ ಸದಸ್ಯನನ್ನು ಆರಿಸುವ ಬೆಲ್ಜುಟಿಫಾನ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಕೇಲಿನ್ ಅಭ್ಯಾಸ ಮಾಡಿದ ಅದೇ ವಂಶಪಾರಂಪರ್ಯ ಕಾಯಿಲೆಗೆ. ಗೆಡ್ಡೆ ಕುಗ್ಗುತ್ತದೆ. ಅದರ ಸಾಮಾನ್ಯ ಅಡ್ಡಪರಿಣಾಮ ರಕ್ತಹೀನತೆ. ಸಿದ್ಧಾಂತ ಎಷ್ಟು ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಂಶೋಧಕರು ಈಗ ಹಾರ್ಮೋನು ತಯಾರಿಸುವ ಆ ಕೋಶಗಳನ್ನೇ ಹುಡುಕುತ್ತಿದ್ದಾರೆ. ಅವು ಅಪರೂಪ, ಮೂತ್ರಪಿಂಡದಿಂದ ತೆಗೆದು ಬಟ್ಟಲಿನಲ್ಲಿ ಬೆಳೆಸಲು ಹೋದರೆ ಇಪಿಒ ತಯಾರಿಸುವುದನ್ನೇ ಬಿಟ್ಟುಬಿಡುತ್ತವೆ. 2023ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಕೋಶಗಳನ್ನು ಒಂದೊಂದಾಗಿ ಓದುವ ವಿಧಾನದಿಂದ ಅವನ್ನು ಗುರುತಿಸಿ ನಾರ್ನ್ ಕೋಶಗಳೆಂದು ಕರೆಯಿತು. ಮಧುಮೇಹವೋ ರಕ್ತದೊತ್ತಡವೋ ಮೂತ್ರಪಿಂಡವನ್ನು ವರ್ಷಗಟ್ಟಲೆ ಕಾಡಿದಾಗ ಈ ಜಾತಿಯ ಕೋಶಗಳು ಸತ್ತುಹೋಗುತ್ತವೆ ಎಂದು ಹಿಂದೆ ಭಾವಿಸಲಾಗಿತ್ತು. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಪ್ರಯೋಗಗಳು ಬೇರೆ ಚಿತ್ರ ಕೊಟ್ಟಿವೆ. ಅವು ಕಲೆಗಟ್ಟಿಸುವ ನಾರಿನ ಕೋಶಗಳಾಗಿ ವೇಷ ಬದಲಿಸುತ್ತವೆ. ಇಲಿಗಳಲ್ಲಿ ಹಾನಿಯ ಕಾರಣವನ್ನು ತೆಗೆದಾಗ ಅವುಗಳಲ್ಲಿ ಹಲವು ಮತ್ತೆ ಇಪಿಒ ತಯಾರಿಸತೊಡಗಿದವು. ಜರ್ಮನಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಕಿಣ್ವ ತಡೆಯುವ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಇದಕ್ಕೆ ಹೊಂದುವ ಮಾತನ್ನೇ ಹೇಳಿತ್ತು. ಕೈಚೆಲ್ಲಿದವೆಂದು ತಿಳಿದಿದ್ದ ಮೂತ್ರಪಿಂಡಗಳಿದ್ದವರ ರಕ್ತದಲ್ಲಿ ಅವರ ಮೈಯದೇ ಇಪಿಒ ಹಲವು ಪಟ್ಟು ಏರಿತ್ತು. ತಯಾರಿಸುವ ಶಕ್ತಿ ಅಲ್ಲಿ ಇನ್ನೂ ಉಳಿದಿದೆ, ಕೆಟ್ಟಿರುವುದು ಅಳತೆ. ಆ ಅಳತೆಯನ್ನು ಮನುಷ್ಯರ ಮೂತ್ರಪಿಂಡದಲ್ಲಿ ಮಾತ್ರೆಯ ಹಂಗಿಲ್ಲದೆ ಮರಳಿಸಬಹುದೇ ಎಂಬುದು ಪ್ರಯೋಗಾಲಯಗಳ ಈಗಿನ ಕೆಲಸ.